ಯಾವ ಥರದ ಬೇಜಾರು?

ಮಾರ್ಚ್ 12, 2025, ಬುಧವಾರ
ರಾತ್ರಿ 10:30

ಒಂದೇ ಆಫೀಸಿನ ಇಬ್ಬರ ಜಗಳಕ್ಕೆ ಮಧ್ಯಸ್ಥಿಕೆ ಮಾಡಲು ಕೂತಿದ್ದೆ. ಇವತ್ತಿನ ಮಾತುಕತೆ ಮುಗಿದು ಐದಾರು ಗಂಟೆಯಾಯಿತು. ಇನ್ನೂ ತಲೆಯಿಂದ ಹೋಗಿಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ. ಇದನ್ನು ಇಲ್ಲಿ ಹಾಕಲಾ ಅಂತ ಇಬ್ಬರನ್ನೂ ಕೇಳಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟಿದ್ದೇನೆ.

ಒಬ್ಬರು ಹಿರಿಯರು, 11 ವರ್ಷದಿಂದ ಒಂದೇ ವಿಭಾಗದಲ್ಲಿ ಅಂಕಿಅಂಶದ ವರದಿ ತಯಾರಿಸುತ್ತಾ ಬಂದವರು. ಇನ್ನೊಬ್ಬ ಅವರ ಹತ್ತಿರವೇ ಕೆಲಸ ಕಲಿತ ಹುಡುಗ, ಈಗ ಆ ತಂಡದ ಲೀಡ್. ಮೊದಲೆಲ್ಲ ಅವನು ಅವರನ್ನು 'ಅಕ್ಕಾ' ಅನ್ನುತ್ತಿದ್ದನಂತೆ. ಅವರು ಅವನನ್ನು 'ನೀನು' ಅನ್ನುತ್ತಿದ್ದರಂತೆ. ಈಗ ಮೂರು ತಿಂಗಳಿಂದ ಅವನ ಬಾಯಲ್ಲಿ 'ಮೇಡಂ', ಅವರ ಬಾಯಲ್ಲಿ 'ನೀವು'. ಇಬ್ಬರೂ ಜೋರಾಗಿ ಬೈದಾಡಿಕೊಂಡಿದ್ದರೆ ನನಗೆ ಇಷ್ಟು ಚಿಂತೆ ಆಗುತ್ತಿರಲಿಲ್ಲ. ಈ ಮರ್ಯಾದೆ ನೋಡಿಯೇ ಭಯವಾಯಿತು.

ಕಾಗದದ ಮೇಲಿದ್ದ ದೂರು ಬಹಳ ಸಣ್ಣದು. ಅವರು ಅಂಕಿಅಂಶ ಸಮಯಕ್ಕೆ ಕೊಡುತ್ತಿಲ್ಲ ಅಂತ ಅವನದು. ಅವನು ಎಲ್ಲದಕ್ಕೂ ಮೇಲಿನವರಿಗೆ ಮೇಲ್ ಹಾಕುತ್ತಾನೆ ಅಂತ ಅವರದು.

ಹೋದ ವಾರ ಮೊದಲ ಸಲ ಕೂತಾಗ ನಾನು ತಪ್ಪು ಮಾಡಿದೆ. "ಭಾವನೆಗಳನ್ನು ಸ್ವಲ್ಪ ಪಕ್ಕಕ್ಕಿಡೋಣ, ವಿಷಯಕ್ಕೆ ಬರೋಣ" ಅಂದೆ. ಇಬ್ಬರೂ ತಲೆಯಾಡಿಸಿದರು. 40 ನಿಮಿಷದಲ್ಲಿ ಒಪ್ಪಂದ ಆಗಿಹೋಯಿತು. ಪ್ರತಿ ಸೋಮವಾರ ಮಧ್ಯಾಹ್ನದೊಳಗೆ ಅವರು ಅಂಕಿಅಂಶ ಕಳಿಸಬೇಕು, ತಪ್ಪೇನಾದರೂ ಕಂಡರೆ ಅವನು ಮರುದಿನವೇ ಹೇಳಬೇಕು. ಸಹಿಯೂ ಬಿತ್ತು. ಮೊದಲ ಸೋಮವಾರವೇ ಅದು ಮುರಿಯಿತು. ಅಂಕಿಅಂಶ ಬಂತು, ಹನ್ನೊಂದೂವರೆಗೇ ಬಂತು. ಆದರೆ ಅವನಿಗಲ್ಲ, ಮ್ಯಾನೇಜರ್‌ಗೆ. ಒಪ್ಪಂದದಲ್ಲಿ ಯಾರಿಗೆ ಕಳಿಸಬೇಕು ಅಂತ ಬರೆದಿರಲಿಲ್ಲ, ಅಲ್ವಾ!

ಹಾಗಾಗಿ ಇವತ್ತು ಬೇರೆ ಕಡೆಯಿಂದ ಶುರು ಮಾಡಿದೆ. ಜಗಳಕ್ಕೆ ಮೂಲವಾದ ಆ ಮೇಲ್ ಮೂರು ತಿಂಗಳ ಹಿಂದಿನದು. ವರದಿಯಲ್ಲಿದ್ದ ತಪ್ಪೊಂದನ್ನು ಎತ್ತಿ ತೋರಿಸಿ, ಮ್ಯಾನೇಜರ್ ಸೇರಿ ಏಳು ಜನಕ್ಕೆ ಸಿಸಿ ಹಾಕಿದ್ದ. ಅವರು ಅದರ ಪ್ರಿಂಟ್ ತಂದಿದ್ದರು. ಅದನ್ನು ಓದಿದಾಗ ಏನನ್ನಿಸಿತು ಅಂತ ಕೇಳಿದೆ.

"ಬೇಜಾರಾಯ್ತು" ಅಂದರು.

ಬೇರೆ ದಿನವಾಗಿದ್ದರೆ ಅದನ್ನು ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಆದರೆ ನಮ್ಮಲ್ಲಿ ಬೇಜಾರು ಅನ್ನುವ ಪದ ದೊಡ್ಡ ಚೀಲದ ಹಾಗೆ. ಕೆಲಸವಿಲ್ಲದೆ ಕೂತರೂ ಬೇಜಾರು, ಯಾರೋ ತೀರಿಕೊಂಡರೂ ಬೇಜಾರು, ಗೆಳೆಯ ಮಾತು ತಪ್ಪಿದರೂ ಬೇಜಾರು. ಸಿಟ್ಟು, ಅವಮಾನ, ಮುನಿಸು, ಹೊಟ್ಟೆಕಿಚ್ಚು, ಏನು ಬೇಕಾದರೂ ಅದರೊಳಗೆ ತುಂಬಿ ಬಾಯಿ ಕಟ್ಟಿಬಿಡಬಹುದು. ಅದಕ್ಕೇ ಕೇಳಿದೆ, "ಯಾವ ಥರದ ಬೇಜಾರು?"

ಅವರು ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಪ್ರಿಂಟ್ ಮಡಚಿದರು. ಇನ್ನೊಮ್ಮೆ ಮಡಚಿದರು. ಅಂಚಿನ ಮೇಲೆ ಉಗುರು ಎಳೆದು ಮತ್ತೆ ಮಡಚಿದರು. ಬೆಂಕಿಪೊಟ್ಟಣದಷ್ಟು ಆಗುವವರೆಗೂ ನಾನೂ ಮಾತಾಡಲಿಲ್ಲ. ನಡುವೆ ಬಾಯಿ ಹಾಕಬೇಕು ಅನ್ನಿಸುವುದು ಇಂಥ ಹೊತ್ತಲ್ಲೇ. ತಡೆದುಕೊಂಡೆ.

"ನಾಚಿಕೆ ಆಯ್ತು" ಅಂದರು ಕೊನೆಗೆ. "ತಪ್ಪು ನಂದೇ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಕೆಲಸ ಅವರಿಗೆ ಹೇಳಿಕೊಟ್ಟಿದ್ದು ನಾನು. ಏಳು ಜನಕ್ಕೆ ಹೇಳೋ ಮೊದಲು ನಂಗೊಂದು ಮಾತು ಹೇಳ್ಬಹುದಿತ್ತಲ್ಲ."

ಹೇಳಿದ ಮೇಲೆ ಅವರ ಭುಜ ಇಳಿಯಿತು. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸರಿಯಾದ ಪದ ಸಿಕ್ಕ ಕೂಡಲೇ ಮನುಷ್ಯರ ಮೈ ಸ್ವಲ್ಪ ಸಡಿಲವಾಗುತ್ತದೆ. 2007ರಲ್ಲಿ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಮಿದುಳಿನ ಸ್ಕ್ಯಾನ್ ಇಟ್ಟುಕೊಂಡು ಇದಕ್ಕೆ ಹತ್ತಿರದ ಒಂದು ವಿಷಯ ಪರೀಕ್ಷಿಸಿದ್ದರು. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಒಂದು ಹೆಸರು ಆರಿಸಲು ಹೇಳಿದರು. ಹೆಸರಿಟ್ಟಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಅಬ್ಬರ ಕಡಿಮೆಯಾಯಿತು. ಅದು ಪ್ರಯೋಗಾಲಯದ ಮಾತು, ನನ್ನ ಕೋಣೆಯ ಮಾತಲ್ಲ. ಆದರೂ ಆ ಇಳಿದ ಭುಜ ನೋಡಿದಾಗ ಅದೇ ನೆನಪಾಯಿತು.

ಆಮೇಲೆ ಅವನ ಸರದಿ. ಸಿಸಿ ಯಾಕೆ ಹಾಕಿದೆ ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಸಮರ್ಥನೆ ಬರುತ್ತದೆ ಅಷ್ಟೇ. ಆ ಮೇಲ್ ಕಳಿಸುವಾಗ ನಿನ್ನ ಮನಸ್ಸಲ್ಲಿ ಏನಿತ್ತು ಅಂದೆ. ಮೊದಲು ದನಿ ಏರಿತು. "ಎಲ್ಲದಕ್ಕೂ ನಾನೇ ಕೆಟ್ಟವನಾ? ತಪ್ಪನ್ನ ತಪ್ಪು ಅಂದಿದ್ದೇ ತಪ್ಪಾ?" ಅಂತ ಅವರ ಕಡೆ ತಿರುಗಿ ಶುರು ಮಾಡಿದ. ಅಲ್ಲಿ ನಾನು ಕೈ ಎತ್ತಿ ನಿಲ್ಲಿಸಿದೆ.

ಇದನ್ನು ಒತ್ತಿ ಹೇಳಬೇಕು. ಭಾವನೆಗೆ ಜಾಗ ಕೊಡುವುದು ಅಂದರೆ ಮನಸ್ಸಿಗೆ ಬಂದಂತೆ ಕೂಗಾಡಲು ಬಿಡುವುದಲ್ಲ. ಸಿಟ್ಟೆಲ್ಲ ಹೊರಗೆ ಹಾಕಿದರೆ ತಣ್ಣಗಾಗುತ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಆನ್‌ಲೈನ್ ವ್ಯಾಪಾರದ ಜಗಳಗಳ ಮಧ್ಯಸ್ಥಿಕೆಯನ್ನು ರೇ ಫ್ರೀಡ್‌ಮನ್ ಅನ್ನುವ ಸಂಶೋಧಕರ ತಂಡ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿತ್ತು. ಒಬ್ಬರು ಸಿಟ್ಟು ತೋರಿಸಿದರೆ ಎದುರಿನವರೂ ಸಿಟ್ಟಾಗುತ್ತಾರೆ, ರಾಜಿ ಆಗುವುದು ಕಡಿಮೆಯಾಗುತ್ತದೆ ಅಂತ ಅದರಲ್ಲಿ ಕಂಡಿತ್ತು. 'ನನಗೆ ಸಿಟ್ಟು ಬಂದಿದೆ' ಅನ್ನುವುದು ಬೇರೆ, ಸಿಟ್ಟನ್ನು ಎದುರಿನವರ ಮೇಲೆ ಎಸೆಯುವುದು ಬೇರೆ. ಅವನಿಗೂ ಅದನ್ನೇ ಹೇಳಿದೆ. ನನ್ನ ಕಡೆ ತಿರುಗಿ, ನಿನ್ನ ಬಗ್ಗೆ ಮಾತ್ರ ಮಾತಾಡು ಅಂದೆ.

ಒಂದು ಲೋಟ ನೀರು ಕುಡಿದ.

"ಭಯ ಇತ್ತು" ಅಂದ. "ಲೀಡ್ ಆಗಿ ಮೊದಲ ತಿಂಗಳು. ಆ ತಪ್ಪು ನನ್ನ ತಲೆಗೆ ಬಂದ್ರೆ ಅಂತ. ಇವರ ಮುಖಕ್ಕೆ ಮುಖ ಕೊಟ್ಟು ನಿಮ್ದು ತಪ್ಪು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಮೇಲ್ ಸುಲಭ ಅನ್ನಿಸ್ತು."

ಅವರು ಅವನ ಮುಖ ನೋಡಿದ್ದು ಆಗಲೇ. ಮೂರು ತಿಂಗಳಿಂದ ಆ ಮೇಲ್ ಅವರಿಗೆ ಸೊಕ್ಕಿನ ಹಾಗೆ ಕಂಡಿತ್ತು. ಅವನಿಗೆ ಅದು ಅಳುಕು.

ಸಂಧಾನದ ತಜ್ಞರಾದ ರೋಜರ್ ಫಿಶರ್ ಮತ್ತು ಡೇನಿಯಲ್ ಶಪಿರೋ 2005ರಲ್ಲಿ ಒಂದು ಮಾತು ಬರೆದರು. ಸಂಧಾನಕ್ಕೆ ಕೂತಾಗ ಎಲ್ಲ ಭಾವನೆಗಳ ಹಿಂದೆ ಬೀಳುವ ಬದಲು ಐದು ವಿಷಯ ಗಮನಿಸಿ ಅಂತ: ಮೆಚ್ಚುಗೆ, ನಮ್ಮವರು ಅನ್ನುವ ನಂಟು, ಸ್ವಂತ ನಿರ್ಧಾರದ ಸ್ವಾತಂತ್ರ್ಯ, ಸ್ಥಾನ, ಪಾತ್ರ. ಇವತ್ತಿನ ಇಬ್ಬರನ್ನೇ ನೋಡಿ. ಕಲಿಸಿದವರಿಗೆ ಸಿಗಬೇಕಾದ ಸ್ಥಾನ ಹೋಯಿತು ಅಂತ ಅವರ ನೋವು. ಹೊಸ ಪಾತ್ರ ನಿಭಾಯಿಸೋಕೆ ಆಗದಿದ್ದರೆ ಅಂತ ಅವನ ಭಯ. ಸೋಮವಾರ ಮಧ್ಯಾಹ್ನದ ಗಡುವು ಇದರಲ್ಲಿ ಯಾವುದನ್ನು ಮುಟ್ಟುತ್ತಿತ್ತು ಹೇಳಿ? ನಾನು ಪಕ್ಕಕ್ಕಿಡಿ ಅಂದಿದ್ದೇ ಜಗಳದ ಹೂರಣವಾಗಿತ್ತು.

ಇನ್ನೊಂದು ವಿಷಯ ಬರೆದುಬಿಡಬೇಕು. ಹೋದ ವಾರ ನನ್ನ ಮನಸ್ಸು ಅವರ ಕಡೆಗೇ ವಾಲಿತ್ತು. ಸಿಸಿ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ, ಅದಕ್ಕೆ ನನ್ನದೇ ಹಳೆಯ ಕಾರಣಗಳಿವೆ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಅವನಿಗೆ ಅದು ಗೊತ್ತಾಗಿತ್ತು ಅಂತ ಇವತ್ತು ಅನ್ನಿಸಿತು. "ಎಲ್ಲದಕ್ಕೂ ನಾನೇ ಕೆಟ್ಟವನಾ" ಅನ್ನುವ ಮಾತಲ್ಲಿ ಸ್ವಲ್ಪ ಪಾಲು ನನಗೂ ಸೇರಬೇಕು. ಮುಂದಿನ ಸಲ ಕೋಣೆಗೆ ಹೋಗುವ ಮೊದಲು ಐದು ನಿಮಿಷ ಒಬ್ಬಳೇ ಕೂತು, ಯಾರ ಮೇಲೆ ನನಗೆ ಸಿಟ್ಟಿದೆ ಅಂತ ನನ್ನನ್ನೇ ಕೇಳಿಕೊಳ್ಳಬೇಕು.

ಎಲ್ಲ ಜಗಳಕ್ಕೂ ಹೀಗೆ ಎದುರುಬದುರು ಕೂರಿಸುವುದು ಸರಿಯಲ್ಲ. ಕಿರುಕುಳ, ಬೆದರಿಕೆ ಇದ್ದಲ್ಲಿ ನೊಂದವರನ್ನು ನಿನಗೇನನ್ನಿಸಿತು ಹೇಳು ಅಂತ ಎದುರಿಗೆ ಕೂರಿಸುವುದು ಕ್ರೌರ್ಯ. ಅಲ್ಲಿ ಬೇಕಾದ್ದು ತನಿಖೆ. ಇವತ್ತಿನದು ಅಂಥದ್ದಲ್ಲ.

ಹೊಸ ಕಾಗದ ಬರೆಯಲಿಲ್ಲ, ಸಹಿಯೂ ಇಲ್ಲ. ತಪ್ಪು ಕಂಡರೆ ಮೊದಲು ಅವರ ಟೇಬಲ್ ಹತ್ತಿರ ಹೋಗಿ ಹೇಳುತ್ತೇನೆ ಅಂದ. ಅವರು ಎದ್ದು ಬ್ಯಾಗ್ ತೆಗೆದುಕೊಂಡು, "ಸೋಮವಾರ ನಿಮಗೇ ಕಳಿಸ್ತೀನಿ" ಅಂದರು. ಇನ್ನೂ 'ನೀವು' ಹೋಗಿಲ್ಲ. 19ಕ್ಕೆ ಮತ್ತೆ ಕೂರುತ್ತೇವೆ.

ಮಡಚಿದ ಆ ಪ್ರಿಂಟ್ ಟೇಬಲ್ ಮೇಲೇ ಇತ್ತು. ಹರಿದು ಹಾಕಲಾ ಅಂತ ಕೇಳಿದೆ. "ಬೇಡ, ಇರ್ಲಿ" ಅಂತ ಅದನ್ನು ಬ್ಯಾಗಿಗೆ ಹಾಕಿಕೊಂಡು ಹೋದರು.