ಸಿಮ್ಮರ್‌ವಾಲ್ಡ್ ಗುಡ್ಡದ ದಾರಿಯಲ್ಲಿ

ಸ್ವಿಟ್ಜರ್ಲೆಂಡ್‌ಗೆ ಬರುವ ನಮ್ಮವರು ಹಿಮಶಿಖರಗಳನ್ನು ಹುಡುಕಿಕೊಂಡು ಹೋಗುತ್ತಾರೆ. ನಾನು ನೋಡಬೇಕೆಂದುಕೊಂಡಿದ್ದು ಬರ್ನ್ ನಗರದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಸಿಮ್ಮರ್‌ವಾಲ್ಡ್ ಎಂಬ ಹಳ್ಳಿಯನ್ನು. ಬರ್ನ್‌ನಲ್ಲೇ ನೆಲೆಸಿರುವ, ಶಿಕಾರಿಪುರ ಕಡೆಯ ಗೆಳೆಯರೊಬ್ಬರು ಜೊತೆಗೆ ಬಂದರು. ಕಾರ್ಮಿಕ ಚಳವಳಿಯಲ್ಲಿ ಬೆಳೆದವರು, ವಾದಕ್ಕೆ ಹಿಂಜರಿಯದವರು. ಹಳದಿ ಬಸ್ಸು ಹುಲ್ಲುಗಾವಲುಗಳ ನಡುವೆ ಗುಡ್ಡ ಹತ್ತಿತು.

1915ರ ಸೆಪ್ಟೆಂಬರ್ 5ರಂದು ಬರ್ನ್‌ನಿಂದ ನಾಲ್ಕು ಕುದುರೆಗಾಡಿಗಳು ಈ ಗುಡ್ಡ ಏರಿದ್ದವು. ಅವುಗಳಲ್ಲಿದ್ದವರು ಮೊದಲ ಮಹಾಯುದ್ಧವನ್ನು ವಿರೋಧಿಸುತ್ತಿದ್ದ ಸಮಾಜವಾದಿಗಳು. ಸಭೆ ಸೇರಿದವರು ಒಟ್ಟು 38 ಮಂದಿ, ರಷ್ಯಾದ ಲೆನಿನ್ ಅವರಲ್ಲೊಬ್ಬರು. ಸಂಘಟಕ ರಾಬರ್ಟ್ ಗ್ರಿಮ್ ಪಕ್ಷಿತಜ್ಞರ ಸಭೆ ಎಂದು ಹೇಳಿ ಹೋಟೆಲ್ ಗೊತ್ತುಮಾಡಿದ್ದರು. ಅದಕ್ಕೆ ಹಿಂದಿನ ವರ್ಷ, ಆಗಸ್ಟ್ 4ರಂದು, ಜರ್ಮನಿಯ ಸಮಾಜವಾದಿ ಪಕ್ಷ ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಮತ ಹಾಕಿತ್ತು. ಲಕ್ಷಾಂತರ ಸದಸ್ಯರಿದ್ದ ಚಳವಳಿ ತಮ್ಮ ತಮ್ಮ ಸರ್ಕಾರಗಳ ಹಿಂದೆ ಸಾಲುಗಟ್ಟಿತ್ತು. ಈ ಗುಡ್ಡದಲ್ಲಿ ಜರ್ಮನ್ನರೂ ಫ್ರೆಂಚರೂ ಒಟ್ಟಿಗೆ ಕುಳಿತು, ಈ ಯುದ್ಧ ನಮ್ಮದಲ್ಲ ಎಂದು ಬರೆದು ಸಹಿ ಹಾಕಿದರು. ಅದನ್ನು ನೆನೆದಾಗ ನನಗೆ ಈಗಲೂ ಮೈ ನವಿರೇಳುತ್ತದೆ.

ಸಭೆ ನಡೆದದ್ದು ಬೋ ಸೇಜೂರ್ ಎಂಬ ಹೋಟೆಲಿನಲ್ಲಿ. ಸೋವಿಯತ್ ಒಕ್ಕೂಟದಿಂದ ಲೆನಿನ್ ಬಗ್ಗೆ ವಿಚಾರಿಸಿ ಪತ್ರಗಳು ಬರುತ್ತಿದ್ದ ಕಾಲದಲ್ಲಿ ಹಳ್ಳಿಯ ಆಡಳಿತ ಸ್ಮಾರಕ ಫಲಕಗಳನ್ನೇ ನಿಷೇಧಿಸಿತ್ತು. ನೋಡಲು ಹೆಚ್ಚೇನೂ ಇಲ್ಲದ್ದರಿಂದ ಮಾತು ಬೆಳೆಯಿತು.

ಶಾಂತಿಯ ಘೋಷಣೆಗೆ ಎಲ್ಲರೂ ಒಪ್ಪಿದ್ದರು. ಆದರೆ ತುಳಿತಕ್ಕೊಳಗಾದ ರಾಷ್ಟ್ರವೊಂದು ಬಿಡುಗಡೆಗೆ ಶಸ್ತ್ರ ಹಿಡಿದರೆ ಎಡಪಂಥ ಏನು ಹೇಳಬೇಕು? ಅಲ್ಲಿ ಒಡಕು ಆಳವಾಗಿತ್ತು. ಆಗ ಬರ್ಲಿನ್ ಜೈಲಿನಲ್ಲಿದ್ದ ಜರ್ಮನಿಯ ಸಮಾಜವಾದಿ ನಾಯಕಿ ರೋಸಾ ಲಕ್ಸೆಂಬರ್ಗ್, ತಾವೇ ಪೋಲಿಷ್ ಮೂಲದವರಾಗಿದ್ದರೂ ಪೋಲೆಂಡಿನ ಸ್ವಾತಂತ್ರ್ಯದ ಬೇಡಿಕೆಯನ್ನು ವಿರೋಧಿಸಿದವರು. ಸಾಮ್ರಾಜ್ಯಶಾಹಿಯ ಕಾಲದಲ್ಲಿ ರಾಷ್ಟ್ರೀಯ ಯುದ್ಧಗಳು ದೊಡ್ಡ ಶಕ್ತಿಗಳ ಆಟವಾಗಿಬಿಡುತ್ತವೆ ಎಂಬುದು ಅವರ ವಾದ. ಆಳುವ ರಾಷ್ಟ್ರದಲ್ಲಿ ಹುಟ್ಟಿದ ಲೆನಿನ್, ಬೇರೆಯಾಗುವ ಹಕ್ಕನ್ನು ಆಳುವ ರಾಷ್ಟ್ರದ ಕಾರ್ಮಿಕರೇ ಎತ್ತಿ ಹಿಡಿಯಬೇಕು ಎಂದರು. ನನ್ನ ಮನಸ್ಸು ಲೆನಿನ್ ಕಡೆಗಿದೆ.

"ಉಕ್ರೇನಿನ ಯುದ್ಧ ನೇಟೋ ಯುದ್ಧ. ರೋಸಾ ಹೇಳಿದ್ದೇ ಸರಿ" ಎಂದರು ಗೆಳೆಯರು.

"1942ರಲ್ಲಿ ನಿಮ್ಮ ತಾಲ್ಲೂಕಿನ ಈಸೂರು ಸ್ವತಂತ್ರವೆಂದು ಘೋಷಿಸಿಕೊಂಡಿತಲ್ಲ, ಅದನ್ನು ಏನೆನ್ನುತ್ತೀರಿ?" ಎಂದು ಕೇಳಿದೆ. ಹಿಟ್ಲರ್ ಸೋವಿಯತ್ ಮೇಲೆ ದಾಳಿ ಮಾಡಿದ ಬಳಿಕ ಭಾರತದ ಕಮ್ಯುನಿಸ್ಟ್ ಪಕ್ಷ ಇದು ಜನತಾ ಯುದ್ಧ ಎಂದು ನಿಲುವು ಬದಲಿಸಿ, ಕ್ವಿಟ್ ಇಂಡಿಯಾ ಚಳವಳಿಯಿಂದ ದೂರ ನಿಂತಿತ್ತು. ಅದೇ ಚಳವಳಿಗಾಗಿ ಈಸೂರಿನ ಐವರು 1943ರಲ್ಲಿ ಗಲ್ಲಿಗೇರಿದರು.

"ಈಸೂರಿಗೆ ಯಾರೂ ಕ್ಷಿಪಣಿ ಕಳಿಸಲಿಲ್ಲ" ಎಂದರು ಅವರು.

ಮಾತು ನಿಜ. ಆದರೆ ಐರ್ಲೆಂಡಿಗೆ ಶಸ್ತ್ರ ಕಳಿಸಿದ್ದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಲ್ಲಿ ನಡೆದ 1916ರ ಈಸ್ಟರ್ ದಂಗೆಗೆಂದು ಜರ್ಮನಿ ಹಡಗಿನಲ್ಲಿ ಸುಮಾರು 20 ಸಾವಿರ ಬಂದೂಕುಗಳನ್ನು ಸಾಗಿಸಿತು. ಅವು ದಂಗೆಕೋರರ ಕೈ ಸೇರಲಿಲ್ಲ. ಸಿಮ್ಮರ್‌ವಾಲ್ಡ್‌ನಲ್ಲಿ ಲೆನಿನ್ ಬಣದಲ್ಲಿದ್ದ ರಾಡೆಕ್ ಆ ದಂಗೆಯನ್ನು ಬೇರಿಲ್ಲದ ಪಟ್ಟಣಿಗರ ಸಾಹಸವೆಂದು ಬದಿಗೆ ಸರಿಸಿದರು. ಶುದ್ಧ ಕ್ರಾಂತಿಗಾಗಿ ಕಾಯುವವರು ಅದನ್ನು ಎಂದೂ ಕಾಣಲಾರರು ಎಂದು ಲೆನಿನ್ ಉತ್ತರ ಕೊಟ್ಟರು. ಬಂದೂಕು ಎಲ್ಲಿಂದ ಬಂತು ಎನ್ನುವುದಕ್ಕಿಂತ ಮೊದಲು, ಯಾರ ನೆಲಕ್ಕೆ ಯಾರು ನುಗ್ಗಿದರು ಎಂದು ಕೇಳಬೇಕು. ದೂರದಲ್ಲಿ ಕುಳಿತು ನಕ್ಷೆ ಬಿಡಿಸುವ ಎಡಪಂಥೀಯರು ಆ ನೆಲದ ಜನರನ್ನು ಮಾತಾಡಿಸುವುದೇ ಇಲ್ಲ ಎಂಬುದು ನನ್ನ ಸಂಕಟ. ಸಿಮ್ಮರ್‌ವಾಲ್ಡ್ ಸಭೆಯಲ್ಲೂ ಏಷ್ಯಾದ, ಆಫ್ರಿಕಾದ ವಸಾಹತುಗಳ ಪ್ರತಿನಿಧಿ ಒಬ್ಬರೂ ಇರಲಿಲ್ಲ.

"ಹಾಗಾದರೆ 1921ರಲ್ಲಿ ಲೆನಿನ್ ಸರ್ಕಾರದ ಕೆಂಪು ಸೇನೆ ಜಾರ್ಜಿಯಾಕ್ಕೆ ನುಗ್ಗಿತಲ್ಲ?"

ಅದು ಅನ್ಯಾಯ ಎಂದೆ. ಅಲ್ಲಿ ಮೆನ್ಶೆವಿಕ್‌ರ, ಅಂದರೆ ಲೆನಿನ್ ಬಣಕ್ಕೆ ಎದುರಾಗಿದ್ದ ಸಮಾಜವಾದಿಗಳ, ಚುನಾಯಿತ ಸರ್ಕಾರವಿತ್ತು. ಹಕ್ಕಿನ ಪರ ಬರೆದವರೇ ಆ ಹಕ್ಕನ್ನು ತುಳಿದರು. ಅದನ್ನು ಮುಚ್ಚಿಟ್ಟು ಉಕ್ರೇನಿನ ಪರ ಮಾತಾಡುವುದಕ್ಕೆ ನನಗೆ ಇಷ್ಟವಿಲ್ಲ.

ಶಸ್ತ್ರ ಕಳಿಸುವ ವಿಷಯದಲ್ಲಿ ಗೆಳೆಯರು ಕೊನೆಗೂ ಒಪ್ಪಲಿಲ್ಲ. 2022ರ ಫೆಬ್ರವರಿ 21ರ ಭಾಷಣದಲ್ಲಿ ಪುಟಿನ್, ಉಕ್ರೇನ್ ಎನ್ನುವುದು ಲೆನಿನ್ ಸೃಷ್ಟಿ ಎಂದು ದೂರಿದ್ದನ್ನು ನೆನೆದಾಗ ಮಾತ್ರ ಇಬ್ಬರಿಗೂ ಒಂದೇ ಸಿಟ್ಟು ಬಂತು.