ಲಾರಿಗೆಂದು ಕಡಿದ ದಾರಿ

ನವೆಂಬರ್ 16, 2024, ಶನಿವಾರ

ಕಾಲು ಸೋತಿದೆ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು. ನಾಳೆಗೆ ಬಿಟ್ಟರೆ ಯಾವ ತಿರುವಿನಲ್ಲಿ ಏನಿತ್ತು ಅನ್ನೋದು ಮರೆತೇ ಹೋಗುತ್ತದೆ.

ಸೈಕಲ್ಲಿನಲ್ಲಿ ಒಟ್ಟು 54 ಕಿಲೋಮೀಟರ್. ಡಾಂಬರು ಸಿಕ್ಕಿದ್ದು ಮೊದಲ ಐದಾರು ಕಿಲೋಮೀಟರ್ ಮಾತ್ರ. ಆಮೇಲೆ ಕಾಡು, ಬೆಟ್ಟ, ಜಲ್ಲಿ ದಾರಿ.

ಎರಡು ವಾರದಿಂದ ಈ ರೂಟ್ ಹಾಕುತ್ತಾ ಕೂತಿದ್ದೆ. ಕಾಡಿನಲ್ಲಿ ಉಪಗ್ರಹದ ಚಿತ್ರ ನಂಬಿಕೊಂಡರೆ ಕೆಲಸ ಆಗುವುದಿಲ್ಲ. ಎಲ್ಲಿ ನೋಡಿದರೂ ಮರದ ತಲೆಗಳೇ, ಕೆಳಗಿನ ನೆಲ ಕಾಣುವುದೇ ಇಲ್ಲ. ಹಾಗಾಗಿ ನಾನು ನೋಡುವುದು ನಕ್ಷೆಯ ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು. ದಾರಿ ಆ ಗೆರೆಗಳ ಜೊತೆಜೊತೆಗೇ ಬೆಟ್ಟವನ್ನು ಬಳಸಿಕೊಂಡು ಹೋಗುತ್ತಿದ್ದರೆ, ನಡುನಡುವೆ ಹೇರ್‌ಪಿನ್ ತಿರುವು ಇದ್ದರೆ, ಅದು ಮರ ಸಾಗಿಸುವ ಲಾರಿಗೆಂದು ಕಡಿದ ದಾರಿ ಇರಬೇಕು. ಗೆರೆಗಳನ್ನು ಅಡ್ಡ ಕತ್ತರಿಸಿ ನೇರ ಮೇಲಕ್ಕೆ ಹತ್ತಿದರೆ ಕಾಲುದಾರಿ. ಲೋಡ್ ಆದ ಲಾರಿಗೆ ಕಡಿದಾದ ಏರು ಆಗಿಬರುವುದಿಲ್ಲ. ಅದಕ್ಕೇ ಇಂಥ ದಾರಿಗಳಲ್ಲಿ ನೂರು ಮೀಟರಿಗೆ ಏಳೆಂಟು ಮೀಟರ್ ಏರು ಇರುತ್ತದೆ, ಅಷ್ಟೇ. ಸೈಕಲ್ಲಿಗೂ ಬೇಕಾದ್ದು ಅದೇ ಅಲ್ವಾ? ಯಾರಿಗಾಗಿ ಕಡಿದ ದಾರಿ ಅಂತ ಮೊದಲು ಕೇಳಿಕೊಂಡರೆ ಅರ್ಧ ರೂಟ್ ಆದ ಹಾಗೆ.

ರೂಟ್ ಹಾಕುವ ಆ್ಯಪ್ ಮಾತ್ರ ಬೇರೆಯದೇ ಹೇಳುತ್ತಿತ್ತು. ಏರು ಒಟ್ಟು 1,300 ಮೀಟರ್, ಮಧ್ಯೆ ಅಲ್ಲಲ್ಲಿ 18 ಪರ್ಸೆಂಟ್, ಅಂದರೆ ನೂರು ಮೀಟರಿಗೆ 18 ಮೀಟರ್. ಗ್ರಾಫ್ ನೋಡಿದರೆ ಗರಗಸದ ಹಲ್ಲು. ಜೊತೆಗೆ ಬರಲಿದ್ದ ಗೆಳತಿ ಅದನ್ನು ನೋಡಿ, "ಇದು ಹತ್ತೋ ರಸ್ತೆನಾ, ತಳ್ಳೋ ರಸ್ತೆನಾ?" ಅಂದಳು. ಈ ಹಲ್ಲು ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರಿಂದ ನನಗೆ ಧೈರ್ಯ ಇತ್ತು. ಎಷ್ಟೋ ನಕ್ಷೆಗಳ ಎತ್ತರದ ಲೆಕ್ಕ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲದವರೆಗೆ ಪೂರ್ತಿ ಇಳಿಯಲಿಲ್ಲ, ಮರದ ಎತ್ತರವೂ ಸ್ವಲ್ಪ ಲೆಕ್ಕಕ್ಕೆ ಸೇರಿಕೊಂಡಿತು. ಜೊತೆಗೆ ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ಕಡಿದಾದ ಬೆಟ್ಟದ ಮಗ್ಗುಲಲ್ಲಿ ಕೊರೆದ ದಾರಿಯ ಗೆರೆ ನಕ್ಷೆಯಲ್ಲಿ ಹತ್ತು ಮೀಟರ್ ಆಚೀಚೆ ಸರಿದರೆ ಸಾಕು, ಎತ್ತರ ಐದಾರು ಮೀಟರ್ ಹಾರಿಬಿಡುತ್ತದೆ. ನಿಜವಾದ ದಾರಿ ಮಟ್ಟಸವಾಗಿದ್ದರೂ ಗ್ರಾಫ್ ಮೇಲೆ ಕೆಳಗೆ ಕುಣಿಯುತ್ತದೆ.

ಸಂಜೆ ನನ್ನ ಹ್ಯಾಂಡಲ್ ಮೇಲಿನ ಮೀಟರ್ ತೋರಿಸಿದ ಒಟ್ಟು ಏರು 1,020 ಮೀಟರ್. ಅದು ಗಾಳಿಯ ಒತ್ತಡ ಅಳೆದು ಎತ್ತರ ಹೇಳುವಂಥದ್ದು, ಇಂಥ ಕಡೆ ನಾನು ಅದನ್ನೇ ನಂಬುವುದು.

ಡಾಂಬರು ಮುಗಿದ ಕೂಡಲೇ ಗೆಳತಿ ನನ್ನ ಟೈರ್ ಹಿಸುಕಿ ನೋಡಿ, "ಗಾಳಿ ಇಳಿಸೇ ಮಾರಾಯ್ತಿ, ಹೀಗೆ ಹೋದರೆ ಮೇಲೆ ಹೋಗುವಷ್ಟರಲ್ಲಿ ಕೈ ಮರಗಟ್ಟುತ್ತೆ" ಅಂದಳು. ಗಾಳಿಯ ಒತ್ತಡ 38 ಪಿಎಸ್‌ಐ ಇತ್ತು. ಹಿಂದೆ 28, ಮುಂದೆ 26ಕ್ಕೆ ಇಳಿಸಿದೆ. 40 ಮಿಲಿಮೀಟರ್ ಅಗಲದ ಟ್ಯೂಬ್‌ಲೆಸ್ ಟೈರಿಗೆ, ನನ್ನ 58 ಕಿಲೋ ತೂಕಕ್ಕೆ ಇದು ಸರಿ. ಇಳಿಸಿದ ಮೇಲಿನ ಮೊದಲ ನೂರು ಮೀಟರ್ ನನಗೆ ತುಂಬ ಇಷ್ಟ. ಅಲ್ಲಿಯವರೆಗೆ ಒಂದೊಂದು ಕಲ್ಲಿಗೂ ನೆಗೆಯುತ್ತಿದ್ದ ಚಕ್ರ ಈಗ ಕಲ್ಲನ್ನು ಒಳಗೆ ತಗೊಂಡು ಮುಂದೆ ಹೋಗುತ್ತದೆ. ಕೇಳುವ ಸದ್ದೂ ಬದಲಾಗುತ್ತದೆ. ಟಕಟಕ ಹೋಗಿ ಸರಸರ ಬರುತ್ತದೆ.

ಏರು ಒಂಬತ್ತು ಕಿಲೋಮೀಟರ್. ಗೇರಿನ ಚಕ್ರ ಮುಂದೆ 40 ಹಲ್ಲಿನದು, ಹಿಂದೆ 42ರದು, ಕೂತೇ ತುಳಿದೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ಸುಮ್ನೆ ಜಾರುತ್ತದೆ. ದಾರಿಯ ನಡುಭಾಗ ಚೂರು ಉಬ್ಬು, ಬೆಟ್ಟದ ಕಡೆ ಚರಂಡಿ, ಸ್ವಲ್ಪ ದೂರಕ್ಕೊಂದು ಮೋರಿ. ನೀರನ್ನು ದಾರಿಯ ಮೇಲೆ ನಿಲ್ಲಿಸಬಾರದು ಅಂತ ಯಾರೋ ಬಹಳ ಕಾಳಜಿಯಿಂದ ಮಾಡಿದ ಕೆಲಸ. ಜಲ್ಲಿಯೂ ಒಡೆದ ಕಲ್ಲಿನದ್ದು. ಮೂಲೆಗಳಿರುವ ಕಲ್ಲು, ನಡುವೆ ಕಲ್ಲುಪುಡಿ ಸೇರಿ, ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗಿ ಕೂತಿದೆ. ಹೊಳೆಯ ಉರುಟು ಕಲ್ಲು ಹಾಕಿದ ದಾರಿಯಲ್ಲಿ ಹೋದವರಿಗೆ ಇದರ ಬೆಲೆ ಗೊತ್ತು. ಅದು ಎಷ್ಟು ವರ್ಷ ಕಳೆದರೂ ಗೋಲಿಯ ಹಾಗೆ ಉರುಳುತ್ತಲೇ ಇರುತ್ತದೆ.

ಮೇಲಿನ ಬಯಲಿನ ನೇರ ದಾರಿಯಲ್ಲಿ ಮಾತ್ರ ತಗಡಿನ ಶೀಟಿನಂಥ ಅಲೆಗಳು. ಹಲ್ಲು ಕಟಕಟ. ಇದು ಲಾರಿಯ ಸ್ಪ್ರಿಂಗ್‌ನಿಂದ ಆಗುವುದು ಅಂದುಕೊಂಡಿದ್ದೆ. ಆದರೆ 2007ರಲ್ಲಿ ವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಉರುಳಿಸಿ ನೋಡಿದಾಗ, ಸ್ಪ್ರಿಂಗ್ ಇಲ್ಲದಿದ್ದರೂ ಅಲೆ ಎದ್ದಿತ್ತು. ಚಕ್ರ ಒಂದು ಮಟ್ಟದ ವೇಗ ದಾಟಿದರೆ ಸಾಕು. ಅದಕ್ಕೇ ಗಾಡಿಗಳು ಮೆಲ್ಲಗೆ ಹೋಗುವ ತಿರುವಿನ ಒಳಮಗ್ಗುಲು ನುಣ್ಣಗಿತ್ತು, ಓಡಿಸುವ ನೇರ ದಾರಿ ಕೆಟ್ಟಿತ್ತು ಅನಿಸುತ್ತದೆ. ನಾವು ಅಂಚು ಹಿಡಿದು ಹೋದೆವು.

ಅಂಚು ಹಿಡಿದದ್ದೇ ತಪ್ಪಾಯಿತು. ತರಗೆಲೆಯ ಕೆಳಗೆ ಇದ್ದ ಒಂದು ಚೂಪು ಕಲ್ಲು ಹಿಂದಿನ ಟೈರಿನ ಪಕ್ಕವನ್ನು ಸೀಳಿತು. ಸಣ್ಣ ತೂತು ಮುಚ್ಚಲೆಂದು ಟೈರಿನೊಳಗೆ ಹಾಕಿರುವ ದ್ರವ, ಸೀಲೆಂಟ್, ಬಿಳಿ ಹಾಲಿನ ಹಾಗೆ ಚಿಮ್ಮಿ ಕಾಲಿಗೆಲ್ಲ ಸಿಡಿಯಿತು. ನೆಲಕ್ಕೆ ತಾಗುವ ಕಡೆ ತೂತಾಗಿದ್ದರೆ ರಬ್ಬರಿನ ಪ್ಲಗ್ ತುರುಕಿ ಹೋಗಬಹುದಿತ್ತು. ಪಕ್ಕದ ಗೋಡೆ ತೆಳು, ಪ್ಲಗ್ ನಿಲ್ಲಲಿಲ್ಲ. ಎರಡು ಸಲ ಗಾಳಿ ಹೊಡೆದೆ, ಎರಡು ಸಲವೂ ಗುಳ್ಳೆ. ಕೊನೆಗೆ ಟ್ಯೂಬ್ ಹಾಕುವುದೇ ಅಂತಾಯಿತು.

ಟ್ಯೂಬ್ ತೂರಿಸುವ ಮೊದಲು ಟೈರಿನ ಒಳಗೆ ಬೆರಳು ಆಡಿಸಿದೆ. ಇದನ್ನು ಯಾರೂ ಬಿಡಬಾರದು. ಮೂರು ಮುಳ್ಳು ಸಿಕ್ಕವು. ಯಾವಾಗ ಚುಚ್ಚಿದ್ದವೋ ಗೊತ್ತೇ ಇಲ್ಲ. ಸೀಲೆಂಟ್ ಅವುಗಳ ಸುತ್ತ ರಬ್ಬರಿನಂತೆ ಗಟ್ಟಿಯಾಗಿ ಕೂತು ಗಾಳಿಯನ್ನು ತಡೆದಿತ್ತು. ಹಾಗೇ ಟ್ಯೂಬ್ ಹಾಕಿದ್ದರೆ ಮೂರೂ ಕಡೆ ಪಂಕ್ಚರ್. ಒಂದೊಂದನ್ನೇ ಉಗುರಿನಿಂದ ಕಿತ್ತೆ. ಸೀಳಿದ ಜಾಗಕ್ಕೆ ಒಳಗಿನಿಂದ ಹಳೆ ಟೈರಿನ ಒಂದು ತುಂಡು ಇಟ್ಟೆ. ಆ ತುಂಡು ಒಂದು ವರ್ಷದಿಂದ ಸೀಟಿನ ಕೆಳಗಿನ ಚೀಲದಲ್ಲಿತ್ತು. ಟ್ಯೂಬ್ ಇರುವುದರಿಂದ ಗಾಳಿ 35ಕ್ಕೆ ಏರಿಸಿದೆ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕಚ್ಚಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಹೋಯಿತು. ಗೆಳತಿ ಟೈರ್ ಹಿಡಿದುಕೊಂಡು ಕೂತಿದ್ದಳು, ಒಂದು ಸಲವೂ ಬೇಜಾರು ಮಾಡಿಕೊಳ್ಳಲಿಲ್ಲ. ಇಂಥ ಜೊತೆ ಇಲ್ಲದೆ ಕಾಡಿನ ದಾರಿಗೆ ಇಳಿಯಬಾರದು.

ಇಳಿಜಾರು ನಿಧಾನಕ್ಕೆ. ಕೈ ಹ್ಯಾಂಡಲ್‌ನ ಕೆಳಭಾಗದಲ್ಲಿ, ಬ್ರೇಕ್ ತಿರುವಿಗೆ ಮೊದಲೇ. ತಿರುವಿನೊಳಗೆ ಬ್ರೇಕ್ ಮುಟ್ಟಿದರೆ ಜಲ್ಲಿ ಕ್ಷಮಿಸುವುದಿಲ್ಲ.

ಕೊನೆಯಲ್ಲಿ ಎರಡು ಕಣಿವೆಗಳನ್ನು ಸೇರಿಸುವ ಎರಡು ಕಿಲೋಮೀಟರ್ ತುಂಡು ಒಂದಿತ್ತು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಇಂಥ ದಾರಿಗಳಿಗೆ ಗ್ರೇಡ್ 1ರಿಂದ 5ರವರೆಗೆ ಗುರುತು ಇರುತ್ತದೆ. 1 ಅಂದರೆ ಗಟ್ಟಿ ದಾರಿ, 5 ಅಂದರೆ ಮೆತ್ತನೆ ಮಣ್ಣು, ಹುಲ್ಲು. ಈ ತುಂಡಿಗೆ 2 ಅಂತಿತ್ತು. ಹೋಗಿ ನೋಡಿದರೆ ಮೋರಿಯೇ ಇಲ್ಲ. ನೀರು ಅದನ್ನು ಕೊಚ್ಚಿಕೊಂಡು ಹೋಗಿ ದಾರಿಯ ನಡುವೆ ಆಳುದ್ದ ಕೊರಕಲು ಮಾಡಿದೆ. ಆಚೆ ಕಡೆ ಗಾಡಿ ಜಾಡಿನಲ್ಲೇ ಸೊಂಟದೆತ್ತರ ಗಿಡಗಳು. ಲಾರಿ ಬರುವುದು ನಿಂತು ಕೆಲವು ವರ್ಷವೇ ಆಗಿರಬೇಕು. ಲಾರಿ ನಿಂತ ಮೇಲೆ ಮೋರಿಯ ಕಸ ತೆಗೆಯುವವರಿಲ್ಲ. ಮೋರಿ ಕಟ್ಟಿಕೊಂಡರೆ ನೀರು ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ರೂಟ್ ಹಾಕುವಾಗ ನಾನು ಇದೊಂದನ್ನು ಯೋಚಿಸಿರಲಿಲ್ಲ. ದಾರಿಯನ್ನು ಯಾರಿಗಾಗಿ ಕಡಿದರು ಅಂತ ಮಾತ್ರ ಕೇಳಿದ್ದೆ. ಅವರು ಈಗಲೂ ಬರುತ್ತಾರಾ ಅಂತ ಕೇಳಿರಲಿಲ್ಲ.

ಸೈಕಲ್ ಹೆಗಲಿಗೇರಿಸಿಕೊಂಡು ಕೊರಕಲು ದಾಟಿದೆವು. ಮೊದಲು ಅವಳ ಸೈಕಲ್, ಆಮೇಲೆ ನನ್ನದು.

ಈಗ ರಾತ್ರಿ ಒಂಬತ್ತೂವರೆ. ನಕ್ಷೆ ತೆಗೆದು ಆ ತುಂಡನ್ನು 5 ಅಂತ ತಿದ್ದಿದೆ. ಕೊರಕಲು ಇರುವ ಜಾಗದಲ್ಲಿ "ಮೋರಿ ಕೊಚ್ಚಿಹೋಗಿದೆ, ಸೈಕಲ್ ಹೊತ್ತು ದಾಟಬೇಕು" ಅಂತ ಬರೆದು ಇವತ್ತಿನ ತಾರೀಖು ಹಾಕಿದೆ. ಟೈರ್ ಇನ್ನೂ ಅಂಗಳದಲ್ಲೇ ಇದೆ. ಒಳಗಿನ ಸೀಲೆಂಟ್ ನಾಳೆ ತೊಳೆಯಬೇಕು.