ಕನ್ನಡಿಗೆ ಬಲ ಕೊಡುವ ಮುನ್ನ ಸೆನ್ಸರನ್ನು ಅನುಮಾನಿಸಿ

ದೊಡ್ಡ ಟೆಲಿಸ್ಕೋಪಿನಲ್ಲಿ ನಕ್ಷತ್ರ ಉದ್ದುದ್ದ ಕಂಡರೆ ಎಲ್ಲರೂ ಮೊದಲು ದೂರುವುದು ಮುಖ್ಯ ಕನ್ನಡಿಯನ್ನು. ಕನ್ನಡಿಗೆ ಬಲ ಕೊಟ್ಟು ಆಕಾರ ತಿದ್ದುವ ಆಕ್ಚುಯೇಟರುಗಳನ್ನು ಮುಟ್ಟುವ ಮೊದಲು, ದೋಷ ಅಳೆಯುವ ಶಾಕ್-ಹಾರ್ಟ್‌ಮನ್ ಸೆನ್ಸರನ್ನು ಪರೀಕ್ಷಿಸಬೇಕು ಎಂಬುದು ಈ ಕೆಲಸ ಕಲಿಸುವ ಮೊದಲ ಪಾಠ.

ಲೆನ್ಸ್‌ಲೆಟ್ ಎಂಬ ಪುಟ್ಟ ಲೆನ್ಸುಗಳ ಜಾಲ ಈ ಸೆನ್ಸರಿನಲ್ಲಿ ಕನ್ನಡಿಯ ಬಿಂಬವನ್ನು ಹೋಳು ಮಾಡಿ, ಹೋಳಿಗೊಂದರಂತೆ ಕ್ಯಾಮೆರಾದ ಮೇಲೆ ಚುಕ್ಕೆ ಮೂಡಿಸುತ್ತದೆ. ಚುಕ್ಕೆ ಎಷ್ಟು ಸರಿಯಿತೋ ಬೆಳಕಿನ ಅಲೆಯ ಮುಖ ಅಲ್ಲಿ ಅಷ್ಟು ಓರೆ. ಪಿಕ್ಸೆಲ್ 9 ಮೈಕ್ರಾನ್, ಲೆನ್ಸ್‌ಲೆಟ್ಟಿನ ನಾಭಿದೂರ 9 ಮಿಮೀ, 3.6 ಮೀಟರ್ ಕನ್ನಡಿಯ ಬಿಂಬ 3.6 ಮಿಮೀ ಎಂದಿಟ್ಟುಕೊಳ್ಳಿ. ಚುಕ್ಕೆ 0.1 ಪಿಕ್ಸೆಲ್ ಸರಿದರೆ ಸೆನ್ಸರಿನಲ್ಲಿ 100 ಮೈಕ್ರೋರೇಡಿಯನ್ ಓರೆ, ಕನ್ನಡಿಯ ಲೆಕ್ಕದಲ್ಲಿ 0.1 ಮೈಕ್ರೋರೇಡಿಯನ್, ಅಂದರೆ ಸುಮಾರು 0.02 ಆರ್ಕ್‌ಸೆಕೆಂಡ್. ಇಷ್ಟು ಸೂಕ್ಷ್ಮವಾದ ಅಳತೆಯಲ್ಲಿ ಹಳೆಯ ರೆಫರೆನ್ಸ್ ಚಿತ್ರ (ದೋಷವಿಲ್ಲದ ಬೆಳಕಿಗೆ ಚುಕ್ಕೆಗಳು ಎಲ್ಲಿ ಬೀಳುತ್ತವೆ ಎಂಬ ಚಿತ್ರ) ಇಟ್ಟುಕೊಂಡರೆ ಸೆನ್ಸರಿನದೇ ದೋಷವನ್ನು ಕನ್ನಡಿಗೆ ಹೊರಿಸಿದಂತೆ. ಹಬಲ್ ಕನ್ನಡಿ ಕೆಟ್ಟದ್ದೂ ಹೀಗೇ. ಪರೀಕ್ಷಾ ಉಪಕರಣದಲ್ಲಿ ಲೆನ್ಸ್ 1.3 ಮಿಮೀ ಆಚೀಚೆಯಾಗಿತ್ತು. ಕನ್ನಡಿಯನ್ನು ತಪ್ಪು ಆಕಾರಕ್ಕೆ ಬಹಳ ನಿಖರವಾಗಿಯೇ ಉಜ್ಜಿದರು. ಹಾಗಾಗಿ ಪಿನ್‌ಹೋಲ್ ಬೆಳಕಿನ ರೆಫರೆನ್ಸನ್ನು ಅದೇ ರಾತ್ರಿಯ ತಾಪದಲ್ಲಿ, ಉಪಕರಣ ಅಳತೆಯ ವೇಳೆ ಇರುವ ಭಂಗಿಯಲ್ಲೇ ತೆಗೆಯಿರಿ.

ಎಕ್ಸ್‌ಪೋಷರ್ 30ರಿಂದ 60 ಸೆಕೆಂಡ್ ಇರಲಿ. ಕಡಿಮೆಯಾದರೆ ವಾತಾವರಣದ ಅಲುಗಾಟವನ್ನೇ ಕನ್ನಡಿಗೆ ತಿದ್ದುಪಡಿಯಾಗಿ ಕಳಿಸುತ್ತೀರಿ. ಅಂಚಿನಲ್ಲೂ ನಡುವಿನ ರಂಧ್ರದ ಸುತ್ತಲೂ ಅರ್ಧ ಬೆಳಗಿದ ಚುಕ್ಕೆಗಳನ್ನು ಕೈಬಿಡಿ, ಅವುಗಳ ಕೇಂದ್ರ ಒಂದು ಬದಿಗೆ ವಾಲಿರುತ್ತದೆ.

ಇನ್ನು ದಿಕ್ಕು, ಅಂದರೆ ಸೆನ್ಸರಿನ ಚಿತ್ರದ ದಿಕ್ಕು ಮತ್ತು ಚಿಹ್ನೆ ಕನ್ನಡಿಯದಕ್ಕೆ ಹೊಂದುತ್ತವೆಯೇ ಎಂಬುದು. ಜನ ಹೆಚ್ಚು ಎಡವುವುದು ಇಲ್ಲೇ. ಕನ್ನಡಿಗೆ ಬೇಕೆಂದೇ, ಅಲೆಯ ಮುಖದ ಲೆಕ್ಕದಲ್ಲಿ, 300 ನ್ಯಾನೋಮೀಟರ್ ಅಸ್ಟಿಗ್ಮ್ಯಾಟಿಸಂ, ಅಂದರೆ ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕುಗಳಲ್ಲಿ ಬಾಗು ಬೇರೆಬೇರೆಯಾಗುವ ದೋಷ, ಕೊಡಿ (ಮೇಲ್ಮೈ ಬಾಗುವುದು ಅದರ ಅರ್ಧದಷ್ಟೇ), ಮೊದಲು 0 ಡಿಗ್ರಿಯದು, ಆಮೇಲೆ 45 ಡಿಗ್ರಿಯದು. 45ರದು ಮಾತ್ರ ತಿರುಗುಮುರುಗಾಗಿ ಬಂದರೆ ಚಿತ್ರ ಎಡಬಲವೋ ಮೇಲುಕೆಳಗೋ ಮಗುಚಿದೆ. ಎರಡೂ ತಿರುಗುಮುರುಗಾದರೆ ಚಿಹ್ನೆ ತಪ್ಪಿರಬಹುದು, ಇಲ್ಲವೇ ಚಿತ್ರ 90 ಡಿಗ್ರಿ ತಿರುಗಿರಬಹುದು. ಯಾವುದೆಂದು ತಿಳಿಯಲು ಟ್ರೆಫಾಯಿಲ್ (ಮೂರು ದಳದ ಆಕಾರದ ದೋಷ) ಕೊಡಿ: ಚಿಹ್ನೆಯ ತಪ್ಪಾದರೆ ಅದೇ ಮೋಡ್, ಅಂದರೆ ಅದೇ ದೋಷದ ಆಕಾರ, ಋಣವಾಗಿ ಬರುತ್ತದೆ, ಚಿತ್ರ ತಿರುಗಿದ್ದರೆ ಅದರ ಜೋಡಿ ಮೋಡ್ (ಅದೇ ಆಕಾರ, ಬೇರೆ ಕೋನದಲ್ಲಿ) ಕಾಣಿಸಿಕೊಳ್ಳುತ್ತದೆ. 180 ಡಿಗ್ರಿ ತಿರುಗಿದ್ದರೆ ಅಸ್ಟಿಗ್ಮ್ಯಾಟಿಸಂ ಸುಳಿವೇ ಕೊಡುವುದಿಲ್ಲ, ಕೋಮಾ (ನಕ್ಷತ್ರಕ್ಕೆ ಬಾಲ ಮೂಡಿಸುವ ದೋಷ) ನೋಡಬೇಕು.

ಡಿಫೋಕಸ್ (ಫೋಕಸ್ ತಪ್ಪಿರುವುದು) ಮತ್ತು ಕೋಮಾವನ್ನು ಎರಡನೇ ಕನ್ನಡಿ ಸರಿಸಿಯೇ ತೆಗೆಯಿರಿ. ಉಳಿದದ್ದಕ್ಕಷ್ಟೇ ಮುಖ್ಯ ಕನ್ನಡಿಯ ಬಲ, ಅದೂ ಸುಮಾರು 0.5 ಗೇನಿನಲ್ಲಿ, ಅಂದರೆ ಅಳೆದ ದೋಷದ ಅರ್ಧದಷ್ಟನ್ನೇ ಒಮ್ಮೆಗೆ ತಿದ್ದುತ್ತ. ಅಸ್ಟಿಗ್ಮ್ಯಾಟಿಸಂಗೆ ತೆಳು ಕನ್ನಡಿ ಸಲೀಸಾಗಿ ಬಾಗುತ್ತದೆ. ಅದಕ್ಕಿಂತ ಸಂಕೀರ್ಣವಾದ ಮೇಲ್ದರ್ಜೆಯ ಮೋಡ್‌ಗಳು ಕೆಲವೇ ನ್ಯಾನೋಮೀಟರ್ ಲಾಭಕ್ಕೆ ಆಕ್ಚುಯೇಟರಿನ ಮಿತಿಯನ್ನೆಲ್ಲ ತಿಂದುಹಾಕುತ್ತವೆ. ಅವನ್ನು ಅಳತೆಯ ಲೆಕ್ಕದಲ್ಲಿ (ಫಿಟ್ಟಿನಲ್ಲಿ) ಇಟ್ಟುಕೊಂಡರೂ ಕನ್ನಡಿಗೆ ಕಳಿಸಬೇಡಿ.